ಸುಮ್ಮನಾದ ಮರಿಗೆ ನೋವಿಲ್ಲ ಅಂತಲಾ?

ಹೋದ ಸಂಚಿಕೆಯಲ್ಲಿ ಯಾವುದೋ ಉತ್ತರದ ನಡುವೆ ಒಂದು ಸಾಲು ಬರೆದಿದ್ದೆ: ‘ನೋವು, ಜ್ವರ, ಊತದ ಔಷಧಿಗಳನ್ನು ಕೋಳಿಮರಿಗಳಲ್ಲೂ ಪರೀಕ್ಷೆ ಮಾಡುತ್ತಾರೆ.’ ಅಷ್ಟಕ್ಕೇ ಈ ಸಲದ ಅಂಚೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳದ್ದೇ ಸುದ್ದಿ. ಪಶುವೈದ್ಯ ಕಾಲೇಜಿನಲ್ಲಿ ಔಷಧಶಾಸ್ತ್ರ ಹೇಳಿಕೊಡುತ್ತಾ ನನ್ನ ಅರ್ಧ ಆಯಸ್ಸು ಮರಿಗಳ ಚಿಂವ್ ಚಿಂವ್ ನಡುವೆಯೇ ಕಳೆದಿದೆ. ಹಾಗಾಗಿ ಈ ಸಲ ಹಸು, ನಾಯಿ, ಮೊಲ ಎಲ್ಲ ಸ್ವಲ್ಪ ಕಾಯಲಿ.

ಪ್ರಶ್ನೆ: ಮೇಡಂ, ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಔಷಧಿ ನೋವು, ಜ್ವರ, ಊತ ಮೂರಕ್ಕೂ ಕೆಲಸ ಮಾಡುತ್ತದಾ ಅಂತ ಹತ್ತು ದಿನದ ಮರಿಗಳಲ್ಲಿ ನೋಡುತ್ತಿದ್ದೇನೆ. ಔಷಧಿ ಕೊಟ್ಟ ಮರಿಗಳು ಬಿಸಿನೀರಿನಿಂದ ಕಾಲು ಎತ್ತುವುದಕ್ಕೆ ಎರಡರಷ್ಟು ಹೊತ್ತು ತಗೊಂಡವು. ಫಲಿತಾಂಶ ಇಷ್ಟು ಚೆನ್ನಾಗಿದ್ದರೂ ಗೈಡ್ ಒಪ್ಪುತ್ತಿಲ್ಲ. ಯಾಕೆ?

ಬೇಜಾರು ಮಾಡಿಕೊಳ್ಳಬೇಡಮ್ಮಾ, ನಾನು ನಿಮ್ಮ ಗೈಡ್ ಪಕ್ಷ. ಮರಿ ಕಾಲು ಎತ್ತಲಿಲ್ಲ ಅಂದರೆ ಎರಡು ಅರ್ಥ ಆಗಬಹುದು. ಬಿಸಿ ತಗುಲಿದ ನೋವು ಅದಕ್ಕೆ ಗೊತ್ತಾಗಲಿಲ್ಲ ಅನ್ನುವುದು ಒಂದು. ನೋವು ಗೊತ್ತಾಯಿತು, ಆದರೆ ಕಾಲು ಎತ್ತುವ ಎಚ್ಚರ ಇರಲಿಲ್ಲ ಅನ್ನುವುದು ಇನ್ನೊಂದು. ಸ್ಟಾಪ್‌ವಾಚ್‌ಗೆ ಎರಡೂ ಒಂದೇ.

ನನಗೂ ಹೀಗೇ ಆಗಿತ್ತು. ಮೊದಲ ಪ್ರಯೋಗ. ಔಷಧಿ ಕೊಟ್ಟ ಮರಿಗಳು ಬಿಸಿನೀರಿನಲ್ಲಿ ಕಾಲಿಟ್ಟು ಋಷಿಗಳ ಹಾಗೆ ನಿಂತಿದ್ದವು. ನನಗೋ ಖುಷಿಯೋ ಖುಷಿ. ಗ್ರಾಫ್ ಹಾಳೆ ಹಿಡಿದುಕೊಂಡು ಗುರುಗಳ ಹತ್ತಿರ ಓಡಿದೆ. ಅವರು ಹಾಳೆ ನೋಡಲೇ ಇಲ್ಲ. ಬಂದು ಒಂದು ಮರಿ ಎತ್ತಿಕೊಂಡರು. ಅಂಗೈ ಮೇಲೆ ಅಂಗಾತ ಮಲಗಿಸಿ ಕೈ ಬಿಟ್ಟರು. ಆರೋಗ್ಯವಾಗಿರುವ ಮರಿಯನ್ನು ಹಾಗೆ ಮಲಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚಿಕೊಂಡು ಎದ್ದು ನಿಲ್ಲುತ್ತದೆ. ಇದು ಮಲಗಿಯೇ ಇತ್ತು. ಎರಡು ಕಾಲೂ ಆಕಾಶಕ್ಕೆ. ಕೋಳಿಗೆ ನಿದ್ದೆ ಬಂದರೆ ಕೆಳಗಿನ ರೆಪ್ಪೆ ಮೇಲಕ್ಕೆ ಏರುತ್ತದೆ, ನಮ್ಮ ಹಾಗೆ ಮೇಲಿನದು ಕೆಳಗೆ ಬೀಳುವುದಲ್ಲ. ಆ ರೆಪ್ಪೆ ನಿಧಾನವಾಗಿ ಏರುತ್ತಾ ಏರುತ್ತಾ ಕಣ್ಣು ಪೂರ್ತಿ ಮುಚ್ಚಿಕೊಂಡಿತು. “ನೋವು ಹೋಗಿದೆಯೋ ಇಲ್ಲವೋ ಗೊತ್ತಿಲ್ಲಮ್ಮಾ, ಮರಿಗೆ ಮಾತ್ರ ಒಳ್ಳೇ ನಿದ್ದೆ” ಅಂದರು. ಮೂರು ವಾರದ ಕೆಲಸ ಅಲ್ಲಿಗೆ ಮುಗಿಯಿತು.

ಎಳೆ ಮರಿಗಳಲ್ಲಿ ಈ ಎಡವಟ್ಟು ಜಾಸ್ತಿ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದ ಹಾಗೆ ತಡೆಯುವ ಒಂದು ಗೋಡೆ ಇದೆಯಲ್ಲ, ಮರಿ ಹುಟ್ಟಿದ ಮೊದಲ ಕೆಲವು ವಾರ ಅದು ಪೂರ್ತಿ ಬಲಿತಿರುವುದಿಲ್ಲ. ದೊಡ್ಡ ಕೋಳಿಯ ಮಿದುಳಿಗೆ ಅಷ್ಟಾಗಿ ಹೋಗದ ಔಷಧಿ ಮರಿಯ ಮಿದುಳಿಗೆ ಸಲೀಸಾಗಿ ಹೋಗಿಬಿಡಬಹುದು. ನೋವಿನ ಔಷಧಿ ಅಂತ ಕೊಟ್ಟದ್ದು ನಿದ್ದೆ ಔಷಧಿಯ ಕೆಲಸವನ್ನೂ ಮಾಡಿರಬಹುದು.

ಹಾಗಾಗಿ ಬಿಸಿನೀರಿನ ಪರೀಕ್ಷೆ ಮಾಡುವ ಅದೇ ಡೋಸ್‌ಗಳನ್ನು ಬೇರೆ ಮರಿಗಳಿಗೆ ಕೊಡಿ. ಅವುಗಳಿಗೆ ನೋವಿನ ಪರೀಕ್ಷೆ ಬೇಡ. ಅಂಗಾತ ಮಲಗಿಸಿ ಎಷ್ಟು ಸೆಕೆಂಡಿಗೆ ಏಳುತ್ತವೆ ನೋಡಿ. ತಳಕ್ಕೆ ಚೌಕ ಗೀಟು ಹಾಕಿದ ಡಬ್ಬದಲ್ಲಿ ಬಿಟ್ಟು ಐದು ನಿಮಿಷದಲ್ಲಿ ಎಷ್ಟು ಗೀಟು ದಾಟುತ್ತವೆ ಎಣಿಸಿ. ಎದ್ದು ಓಡಾಡುವ, ನೆಲ ಕುಕ್ಕುವ ಮರಿಯೂ ಬಿಸಿನೀರಿನಲ್ಲಿ ತಡವಾಗಿ ಕಾಲು ಎತ್ತುವ ಒಂದು ಡೋಸ್ ಸಿಕ್ಕಿತಾ? ಹಾಗಾದರೆ ನಿಮ್ಮ ಕೈಯಲ್ಲಿ ಏನೋ ಇದೆ. ಆ ಡೋಸ್ ಸಿಗದೇ ಇದ್ದರೆ ಅದನ್ನೂ ಹಾಗೇ ಬರೆಯಿರಿ, ನಾಚಿಕೆ ಏನಿಲ್ಲ.

ಇನ್ನೊಂದು ಮಾತು. ನೀವು ಒಂದೊಂದೇ ಮರಿಯನ್ನು ಪರೀಕ್ಷೆ ಕೋಣೆಗೆ ಎತ್ತಿಕೊಂಡು ಹೋಗುತ್ತೀರಿ ಅಂತ ನನ್ನ ಊಹೆ. ಗುಂಪಿನಿಂದ ಬೇರೆ ಮಾಡಿದ ಮರಿ ಗಂಟಲು ಹರಿಯುವ ಹಾಗೆ ಕೂಗುತ್ತದೆ. ನೋವಿಗಲ್ಲ, ಒಂಟಿ ಆಯಿತಲ್ಲ ಅದಕ್ಕೆ. ಆ ಕೂಗನ್ನು ನೋವಿನ ಲೆಕ್ಕಕ್ಕೆ ಸೇರಿಸಿದರೆ ಇನ್ನೊಂದು ಗುಂಡಿ. ಮೇಲಾಗಿ ತೀರಾ ಹೆದರಿದ ಪ್ರಾಣಿಗೆ ಸ್ವಲ್ಪ ಹೊತ್ತು ನೋವೇ ಕಮ್ಮಿ ಅನಿಸುವುದೂ ಉಂಟು. ಒಂದು ಜೊತೆಗಾರ ಮರಿಯನ್ನು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿಡಿ. ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ಸುಮ್ನೆ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ. ಮತ್ತೆ ನೀರಿನ ಪರೀಕ್ಷೆಗೆ ಇಷ್ಟೇ ಸೆಕೆಂಡು ಅಂತ ಒಂದು ಮಿತಿ ಇಟ್ಟಿರಲೇಬೇಕು. ಮಿತಿ ಬಂದರೆ ಮರಿ ಎತ್ತದಿದ್ದರೂ ನೀವೇ ಕಾಲು ಎತ್ತಬೇಕು. ಸುಟ್ಟ ಪಾದದಿಂದ ನಿಮಗೂ ಪ್ರಯೋಜನ ಇಲ್ಲ, ಅದಕ್ಕೂ ಇಲ್ಲ.

ಪ್ರಶ್ನೆ: ಇಲಿ, ಹೆಗ್ಗಣ ಬಿಟ್ಟು ಕೋಳಿಮರಿ ಯಾಕೆ? ಇಲಿಯಲ್ಲಿ ಕೆಲಸ ಮಾಡಿದ ಔಷಧಿ ಕೋಳಿಯಲ್ಲೂ ಮಾಡುತ್ತದೆ ಅಲ್ವಾ?

ಮಾಡಬಹುದು, ಮಾಡದೇನೂ ಇರಬಹುದು. ಒಂದೇ ಉದಾಹರಣೆ ಕೊಡುತ್ತೇನೆ. ಖಾರದ ಮೆಣಸಿನಕಾಯಿ ಕಚ್ಚಿದರೆ ನಾವು ಕುಣಿದಾಡುತ್ತೇವೆ, ಇಲಿಯೂ ಅಷ್ಟೇ. ಹಕ್ಕಿಗಳು ಆರಾಮಾಗಿ ನುಂಗುತ್ತವೆ. ಮೆಣಸಿನಕಾಯಿಯ ಖಾರದ ವಸ್ತು ಕ್ಯಾಪ್ಸೈಸಿನ್. ನಮ್ಮ ನರದ ತುದಿಯಲ್ಲಿ ಸುಡುವ ಬಿಸಿಗೆ ತೆರೆದುಕೊಳ್ಳುವ ಒಂದು ಬಾಗಿಲಿದೆ, ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. ಕೋಳಿಗೂ ಆ ಬಾಗಿಲು ಉಂಟು, ಬಿಸಿಗೆ ತೆರೆದುಕೊಳ್ಳುತ್ತದೆ, ಖಾರಕ್ಕೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. 2002ರಲ್ಲಿ ಸ್ವೆನ್ ಎರಿಕ್ ಜೋರ್ಟ್ ಮತ್ತು ಡೇವಿಡ್ ಜೂಲಿಯಸ್ ಇದನ್ನು ಅಣುಮಟ್ಟದಲ್ಲಿ ತೋರಿಸಿಕೊಟ್ಟರು. ಇದೇ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಈಗ ನೋಡಿ, ಇಲಿಗೆ ಕ್ಯಾಪ್ಸೈಸಿನ್ ಚುಚ್ಚಿ ನೋವಿನ ಔಷಧಿ ಪರೀಕ್ಷಿಸುವ ಪದ್ಧತಿಯನ್ನು ಯಾರಾದರೂ ಹಾಗೇ ತಂದು ಕೋಳಿಮರಿಯಲ್ಲಿ ಮಾಡಿದರೆ? ಔಷಧಿ ಕೊಟ್ಟ ಮರಿಗೂ ನೋವಿಲ್ಲ, ಕೊಡದ ಮರಿಗೂ ನೋವಿಲ್ಲ.

ಕೋಳಿಗೆ ಕೊಡುವ ಔಷಧಿಯನ್ನು ಕೋಳಿಯಲ್ಲೇ ನೋಡಬೇಕು ಅನ್ನುವುದು ಮೊದಲ ಕಾರಣ. ಎರಡನೆಯದು ಅನುಕೂಲ. ಮರಿಗಳು ಒಂದೇ ದಿನ ಒಡೆಯುತ್ತವೆ, ವಯಸ್ಸಿನ ಲೆಕ್ಕ ತಪ್ಪುವುದಿಲ್ಲ. ಹುಟ್ಟಿದ ದಿನವೇ ನಡೆಯುತ್ತವೆ, ಕುಕ್ಕುತ್ತವೆ, ಕೂಗುತ್ತವೆ. ನಲವತ್ತು ಗ್ರಾಂ ಆಸುಪಾಸಿನ ಪ್ರಾಣಿ, ಔಷಧಿಯೂ ಚೂರೇ ಸಾಕು.

ಆ ‘ಚೂರೇ’ ಅನ್ನುವುದೇ ತಲೆನೋವು ಕೂಡ. 80 ಗ್ರಾಂ ಮರಿಗೆ ಕಿಲೋಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕು ಅಂತಿಟ್ಟುಕೊಳ್ಳಿ. 0.8 ಮಿಲಿಗ್ರಾಂ ಆಯಿತು. ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಇದ್ದರೆ ನೀವು ಎಳೆಯಬೇಕಾದ್ದು 0.016 ಮಿಲಿಲೀಟರ್. ಸೂಜಿಯ ಬುಡದಲ್ಲಿ ನಿಲ್ಲುವ ಹನಿಯೇ ಅದಕ್ಕಿಂತ ಜಾಸ್ತಿ ಇರುತ್ತದೆ! ಇಪ್ಪತ್ತೈದು ಪಟ್ಟು ತೆಳು ಮಾಡಿಕೊಂಡರೆ 0.4 ಮಿಲಿಲೀಟರ್ ಆಗುತ್ತದೆ, ಸಿರಿಂಜಿನ ಗೀಟಿನಲ್ಲಿ ಓದಬಹುದು. ತೆಳು ಮಾಡಿದಾಗ ದ್ರಾವಣ ಹಾಲಿನ ಹಾಗೆ ಬೆಳ್ಳಗಾದರೆ ಔಷಧಿ ಒಡೆದು ತಳಕ್ಕೆ ಕೂರುತ್ತಿದೆ ಅಂತ ಅರ್ಥ, ಎಸೆದುಬಿಡಿ. ಎಷ್ಟೋ ಪ್ರಬಂಧಗಳ ‘ಔಷಧಿಯ ಪರಿಣಾಮ ಮರಿಯಿಂದ ಮರಿಗೆ ಬದಲಾಯಿತು’ ಅನ್ನುವ ಗೂಢ ಸಾಲಿನ ಹಿಂದೆ ಇಂಥದ್ದೇ ಸಿರಿಂಜಿನ ಕಥೆ ಇರುತ್ತದೆ ಅನ್ನುವುದು ನನ್ನ ಅನುಮಾನ.

ಚುಚ್ಚುವ ಜಾಗವೂ ಮುಖ್ಯ. ಹಕ್ಕಿಗಳ ಕಾಲಿನಿಂದ ಬರುವ ರಕ್ತದಲ್ಲಿ ಒಂದಷ್ಟು ನೇರವಾಗಿ ಮೂತ್ರಪಿಂಡದ ಮೂಲಕ ಹಾದುಹೋಗಬಹುದು. ಕಾಲಿಗೆ ಚುಚ್ಚಿದ ಔಷಧಿ ಮೈಯೆಲ್ಲ ಸುತ್ತುವ ಮುಂಚೆಯೇ ಅಲ್ಲಿ ಸೋರಿಹೋಗುವ ಸಾಧ್ಯತೆ ಇದೆ. ಅದಕ್ಕೇ ಎದೆಯ ಮಾಂಸಕ್ಕೆ ಚುಚ್ಚುವುದು ರೂಢಿ.

ಪ್ರಶ್ನೆ: ಮರಿಗೆ ಜ್ವರ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಮುಟ್ಟಿದರೆ ಯಾವಾಗಲೂ ಬಿಸಿಯೇ ಇರುತ್ತದಲ್ಲ.

ಸರಿಯಾಗಿಯೇ ಗಮನಿಸಿದ್ದೀರಿ. ದೊಡ್ಡ ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಚೀಚೆ. ನಮಗೆ ಅಷ್ಟಿದ್ದರೆ ಆಸ್ಪತ್ರೆಗೆ ಓಡಬೇಕು, ಅದಕ್ಕೆ ಅದೇ ಆರೋಗ್ಯ. ಆಗ ತಾನೇ ಒಡೆದು ಬಂದ ಮರಿ ಅದಕ್ಕಿಂತ ಒಂದೆರಡು ಡಿಗ್ರಿ ತಣ್ಣಗಿರುತ್ತದೆ. ಮೈ ಕಾಯಿಸಿಕೊಳ್ಳುವ ವಿದ್ಯೆ ಅದಕ್ಕಿನ್ನೂ ಪೂರ್ತಿ ಬಂದಿರುವುದಿಲ್ಲ. ಅದಕ್ಕೇ ಮೊದಲ ವಾರ ಬ್ರೂಡರಿನಲ್ಲಿ 32ರಿಂದ 35 ಡಿಗ್ರಿ ಕಾವು ಕೊಡುವುದು.

ಇದೇ ಕಾವು ನನ್ನ ಮರ್ಯಾದೆಯನ್ನೂ ಒಮ್ಮೆ ತೆಗೆದಿತ್ತು. ಬ್ಯಾಕ್ಟೀರಿಯಾದ ಹೊರಪೊರೆಯಿಂದ ತೆಗೆದ ವಿಷವಸ್ತು ಚುಚ್ಚಿದರೆ ಮರಿಗೆ ಜ್ವರ ಬರುತ್ತದೆ. ಆಮೇಲೆ ಔಷಧಿ ಕೊಟ್ಟು ಇಳಿಯುತ್ತದಾ ನೋಡುವುದು ಪದ್ಧತಿ. ನನ್ನ ಪ್ರಯೋಗದಲ್ಲಿ ಬರೀ ಸಲೈನ್ ಚುಚ್ಚಿದ ಮರಿಗಳಿಗೂ ಜ್ವರ! ಎರಡು ದಿನ ತಲೆ ಕೆಡಿಸಿಕೊಂಡೆ. ಸಲೈನ್ ಕೆಟ್ಟಿದೆ ಅಂದುಕೊಂಡು ಹೊಸದು ತರಿಸಿದೆ, ಥರ್ಮಾಮೀಟರ್ ಬದಲಾಯಿಸಿದೆ. ಕಡೆಗೆ ನೋಡಿದರೆ ಸಲೈನ್ ಮರಿಗಳ ಗೂಡು ಬಲ್ಬಿನ ನೇರ ಕೆಳಗಿತ್ತು. ಪ್ರಾಣಿಮನೆ ನೋಡಿಕೊಳ್ಳುತ್ತಿದ್ದ ಹಿರಿಯರು ಮೊದಲ ದಿನವೇ “ಅಮ್ಮಾ, ಆ ಮರಿಗಳು ಬಲ್ಬ್ ಬಿಟ್ಟು ಮೂಲೆಗೆ ಹೋಗಿ ಬಾಯಿ ಬಿಡ್ತಾ ಇವೆ” ಅಂದಿದ್ದರು. ನಾನು ಓದಿದವಳು ನೋಡಿ, ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಹೇಳಿದ್ದರಲ್ಲೇ ಉತ್ತರ ಇತ್ತು. ಸೆಕೆ ಆದ ಮರಿ ಕಾವಿನಿಂದ ದೂರ ಹೋಗುತ್ತದೆ, ರೆಕ್ಕೆ ಅಗಲಿಸುತ್ತದೆ, ಕೊಕ್ಕು ತೆರೆದು ತೇಕುತ್ತದೆ. ಹಕ್ಕಿಗಳಿಗೆ ಬೆವರು ಇಲ್ಲವಲ್ಲ, ಬಿಸಿ ಕಳೆಯುವುದೆಲ್ಲ ಹೀಗೇ. ಜ್ವರ ಏರುತ್ತಿರುವ ಮರಿ ಇದಕ್ಕೆ ತದ್ವಿರುದ್ಧ. ಮೈ ಬಿಸಿ ಇದ್ದರೂ ಕಾವಿನ ಕಡೆಗೇ ಹೋಗಿ ಪುಕ್ಕ ಉಬ್ಬಿಸಿ ಮುದುಡಿ ಕೂರುತ್ತದೆ. ನಾವು ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುವುದಿಲ್ಲವಾ, ಹಾಗೆ. ಜ್ವರದಲ್ಲಿ ಮಿದುಳೇ ‘ಇನ್ನೂ ಬಿಸಿ ಬೇಕು’ ಅಂತ ಮಟ್ಟ ಏರಿಸಿಕೊಂಡಿರುತ್ತದೆ. ಏರಿಸುವ ರಾಸಾಯನಿಕ ಪ್ರೋಸ್ಟಗ್ಲಾಂಡಿನ್. ಆಸ್ಪಿರಿನ್ ಜಾತಿಯ ಔಷಧಿಗಳು ಅದರ ತಯಾರಿಕೆ ನಿಲ್ಲಿಸುತ್ತವೆ ಅಂತ 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಸೆಕೆಯಲ್ಲಿ ಮಿದುಳಿನ ಮಟ್ಟ ಏರಿರುವುದೇ ಇಲ್ಲ, ಹೊರಗಿನ ಬಿಸಿಯನ್ನು ಮೈ ತಡೆಯಲಾರದೆ ಸೋತಿರುತ್ತದೆ. ಅಲ್ಲಿ ಜ್ವರದ ಔಷಧಿಗೆ ಇಳಿಸಲು ಏನೂ ಇಲ್ಲ. ಗಾಳಿ, ನೆರಳು, ತಣ್ಣೀರು ಕೊಡಿ.

ಅಳೆಯುವಾಗ ತೆಳು ತುದಿಯ ಥರ್ಮಾಮೀಟರನ್ನು ಮಲದ್ವಾರದೊಳಗೆ ಪ್ರತಿ ಸಲ ಅಷ್ಟೇ ಆಳಕ್ಕೆ ಇಡಬೇಕು. ಹಿಡಿದಾಡಿದರೆ ಹೆದರಿಕೆಗೇ ಬಿಸಿ ಏರುತ್ತದೆ. ಮೊದಲ ಅಳತೆಯನ್ನು ನಾನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ.

ಪ್ರಶ್ನೆ: ಊತ ಅಳೆಯುವುದು ಸುಲಭ ಅಂತ ಕೇಳಿದ್ದೇನೆ. ನಿಜವಾ?

ಮೂರರಲ್ಲಿ ಇದೇ ಸುಲಭ. ಮರಿ ನಟನೆ ಮಾಡಲಾರದು, ಪಾದ ಒಂದೋ ಊದಿದೆ ಇಲ್ಲಾ ಊದಿಲ್ಲ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಹೆಗ್ಗಣದ ಪಾದಕ್ಕೆ ಕ್ಯಾರಜೀನನ್ ಚುಚ್ಚಿ ಊತ ಬರಿಸುವ ಪದ್ಧತಿ ತಂದರು. ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು ಅದು. ತಿನಿಸುಗಳನ್ನು ಗಟ್ಟಿ ಮಾಡಲೂ ಬಳಸುತ್ತಾರೆ. ಅದೇ ಪದ್ಧತಿ ಮರಿಗೂ ಬಂತು. ಒಂದು ಪಾದಕ್ಕೆ ಊತ ಬರಿಸುವ ವಸ್ತು, ಇನ್ನೊಂದಕ್ಕೆ ಅಷ್ಟೇ ಸಲೈನ್. ಮರಿಯೇ ತನಗೆ ತಾನೇ ಹೋಲಿಕೆ. ಕ್ಯಾಲಿಪರ್ ಅನ್ನುವ ಇಕ್ಕಳದಂಥ ಅಳತೆ ಸಾಧನದಿಂದ ದಪ್ಪ ಅಳೆಯುವುದು, ಮತ್ತೆ ಗಂಟೆಗೊಮ್ಮೆ.

ಎಡವುವುದು ಕ್ಯಾಲಿಪರ್‌ನಲ್ಲಿ. ಊದಿದ ಪಾದ ಮೆತ್ತಗಿರುತ್ತದೆ, ಚೂರು ಒತ್ತಿದರೂ ಅಳತೆ ಇಳಿಯುತ್ತದೆ. ಯಾವ ಮರಿಗೆ ಔಷಧಿ ಕೊಟ್ಟಿದೆ ಅಂತ ಅಳೆಯುವವರಿಗೆ ಗೊತ್ತಿದ್ದರೆ ಬೆರಳು ತಾನಾಗಿಯೇ ಅಲ್ಲಿ ಸ್ವಲ್ಪ ಜಾಸ್ತಿ ಒತ್ತುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ, ಆಸೆ ಮಾಡಿಸುತ್ತದೆ. ಹಾಗಾಗಿ ಔಷಧಿ ಕೊಡುವವರು ಒಬ್ಬರು, ಅಳೆಯುವವರು ಇನ್ನೊಬ್ಬರು ಇರಬೇಕು. ಬಾಟಲಿಗಳ ಮೇಲೆ ಬರೀ ಗುರುತು, ಹೆಸರಿಲ್ಲ. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು’ ಅನ್ನುವ ಜನ ಪ್ರಯೋಗಾಲಯದಲ್ಲೂ ಇದ್ದಾರೆ. ಸಂಖ್ಯೆ ಚೆನ್ನಾಗಿದ್ದರೆ ಸಾಕು, ಯಾರು ಅಳೆದದ್ದು ಅಂತ ಕೇಳುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ. ನಮ್ಮ ಗಾಯದಲ್ಲಿ ಕೀವು ಹರಿಯುತ್ತದೆ, ಕೋಳಿಯಲ್ಲಿ ಹರಿಯುವುದಿಲ್ಲ. ನಮ್ಮಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಮಾಡುವ ಕೆಲಸವನ್ನು ಅವುಗಳಲ್ಲಿ ಹೆಟೆರೋಫಿಲ್ ಮಾಡುತ್ತದೆ. ಕೀವನ್ನು ನೀರಾಗಿಸುವ ಸಾಮಾನು ಅದರಲ್ಲಿ ಕಮ್ಮಿ. ಹಾಗಾಗಿ ಹಕ್ಕಿಯ ಬಾವು ಒಡೆದರೆ ಗಿಣ್ಣಿನಂತೆ ಗಟ್ಟಿ ಉಂಡೆ ಸಿಗುತ್ತದೆ. ‘ಹರಿದುಹೋಗಲಿ’ ಅಂತ ಕಾಯುತ್ತಾ ಕೂತರೆ ಆಗದು.

ಒಂದು ಔಷಧಿ ಮೂರೂ ಕೆಲಸ ಒಂದೇ ಬಲದಲ್ಲಿ ಮಾಡಬೇಕು ಅಂತಿಲ್ಲ. ಪ್ಯಾರಾಸಿಟಮಾಲ್ ನೋವು, ಜ್ವರಕ್ಕೆ ಚೆನ್ನ, ಊತಕ್ಕೆ ಮಂದ. ಅನಾಲ್ಜಿನ್ ಕೂಡ ಹಾಗೇ. ನಿಮ್ಮ ಪ್ರಯೋಗದಲ್ಲಿ ಜ್ವರ ಇಳಿದು ಊತ ಹಾಗೇ ಉಳಿದರೆ ಗಾಬರಿ ಬೇಡ, ಅದು ಔಷಧಿಯ ಸ್ವಭಾವ ಇರಬಹುದು.

ಪ್ರಶ್ನೆ: ಮೂಕಪ್ರಾಣಿಗೆ ಬೇಕಂತಲೇ ನೋವು ಕೊಟ್ಟು, ಆಮೇಲೆ ನೋವಿನ ಔಷಧಿ ಕೊಡುವುದು. ಇದನ್ನು ವಿಜ್ಞಾನ ಅನ್ನುತ್ತೀರಾ? ನಿಮಗೆ ರಾತ್ರಿ ನಿದ್ದೆ ಬರುತ್ತದಾ?

ಸಿಟ್ಟು ಅರ್ಥ ಆಗುತ್ತದೆ. ಕೆಲವು ರಾತ್ರಿ ಬಂದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಮೂರು ಮಾತು ಹೇಳಿದರು: ಪ್ರಾಣಿ ಇಲ್ಲದೆ ಆಗುವುದಾದರೆ ಪ್ರಾಣಿ ಬೇಡ, ಬೇಕೇ ಬೇಕಾದರೆ ಕಮ್ಮಿ ಪ್ರಾಣಿ ಸಾಕು, ಆ ಕಮ್ಮಿಯಲ್ಲೂ ಸಂಕಟ ಕಮ್ಮಿ ಇರಲಿ. ಈಗ ಎಲ್ಲ ಪ್ರಾಣಿ ನೈತಿಕ ಸಮಿತಿಗಳೂ ಇದನ್ನೇ ಕೇಳುತ್ತವೆ. ನನ್ನ ಕಣ್ಣಿಗೆ ಕಂಡದ್ದು ಹೇಳುತ್ತೇನೆ. ಮೊದಲು ಒಂದು ಡೋಸ್ ಗುರುತಿಸುವುದಕ್ಕೆ ಐದು ಗುಂಪು, ಗುಂಪಿಗೆ ಹತ್ತು ಮರಿ ಅಂತ ಮಾಡುತ್ತಿದ್ದರು. ಡಿಕ್ಸನ್ ಅನ್ನುವ ಸಂಖ್ಯಾಶಾಸ್ತ್ರಜ್ಞರ ಏರಿಳಿತದ ಪದ್ಧತಿ ಬಂದ ಮೇಲೆ ಅಷ್ಟು ಬೇಕಾಗಲಿಲ್ಲ. ಮೊದಲ ಮರಿಗೆ ಒಂದು ಡೋಸ್. ಕೆಲಸ ಮಾಡಿತಾ? ಮುಂದಿನ ಮರಿಗೆ ಒಂದು ಮೆಟ್ಟಿಲು ಕೆಳಗೆ. ಮಾಡಲಿಲ್ಲವಾ? ಒಂದು ಮೆಟ್ಟಿಲು ಮೇಲೆ. ಹೀಗೆ ಹತ್ತಿ ಇಳಿಯುತ್ತಾ ಇದ್ದರೆ, ಅರ್ಧದಷ್ಟು ಮರಿಗಳಿಗೆ ಕೆಲಸ ಮಾಡುವ ಡೋಸ್‌ನ ಸುತ್ತಲೇ ಸುತ್ತುತ್ತೀರಿ. ಆರೇಳು ಮರಿಯಲ್ಲಿ ಉತ್ತರ ಸಿಗುತ್ತದೆ. ಐವತ್ತರ ಜಾಗದಲ್ಲಿ ಏಳು. ನಿಮಗೆ ಇದು ಸಾಲದು ಅನಿಸಬಹುದು, ಅನಿಸಲಿ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಕೋಳಿಗೆ ನೋವೇ ಆಗುವುದಿಲ್ಲ ಅನ್ನುವ ಹಾಗೆ ಬಹಳ ಕಾಲ ನಡೆಸಿಕೊಂಡು ಬಂದಿದ್ದೇವೆ. ಅದಕ್ಕೂ ನೋವಾಗುತ್ತದೆ, ನೋವಿಗೆ ಔಷಧಿ ಕೊಟ್ಟರೆ ಇಳಿಯುತ್ತದೆ ಅಂತ ಅಳೆದು ತೋರಿಸಿದ್ದು ಇಂಥ ಪ್ರಯೋಗಗಳೇ. ಕೆಟ್ಟದಾಗಿ ಮಾಡಿದ ಪ್ರಯೋಗಕ್ಕೆ ಮಾತ್ರ ನನ್ನ ಹತ್ತಿರ ಸಮರ್ಥನೆ ಇಲ್ಲ. ಆ ನಿದ್ದೆ ಹೋದ ಮರಿಗಳ ಕಥೆ ಮೇಲೆ ಹೇಳಿದೆನಲ್ಲ, ಆ ಮೂರು ವಾರದ ಮರಿಗಳ ಕಾಲನ್ನು ನಾನು ಬಿಸಿನೀರಿಗೆ ಇಟ್ಟದ್ದು ಸುಮ್ನೆ ಆಯಿತು. ನಿದ್ದೆ ಬರದಿದ್ದದ್ದು ಅಂಥ ರಾತ್ರಿಗಳಲ್ಲೇ.

ಪ್ರಶ್ನೆ: ನಮ್ಮಲ್ಲಿ ಮೂವತ್ತು ಮರಿ ಇವೆ. ನಾಲ್ಕೈದು ತೂಕಡಿಸುತ್ತಿವೆ. ಮನೆಯಲ್ಲಿರುವ ನೋವಿನ ಮಾತ್ರೆಯನ್ನೇ ಪುಡಿ ಮಾಡಿ ನೀರಿಗೆ ಹಾಕಲಾ?

ಬೇಡ. ದಯವಿಟ್ಟು ಬೇಡ.

ಡೈಕ್ಲೋಫೆನಾಕ್ ಕಥೆ ಗೊತ್ತಿರಬೇಕು ನಿಮಗೆ. ಜನರಿಗೆ, ದನಕ್ಕೆ ನೋವು ಇಳಿಸುವ ಒಳ್ಳೆಯ ಔಷಧಿ. ಆ ಔಷಧಿ ತಗೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳು ದಕ್ಷಿಣ ಏಷ್ಯಾದಲ್ಲಿ ಸಾಲುಸಾಲಾಗಿ ಸತ್ತವು. ಮೂರು ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹಕ್ಕಿಗಳು ಹೋದವು. ಕಾರಣ ಇದೇ ಅಂತ 2004ರಲ್ಲಿ ಲಿಂಡ್ಸೆ ಓಕ್ಸ್ ತಂಡ ಕಂಡುಹಿಡಿಯಿತು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಪ್ರಾಣಿಗಳಿಗೆ ಅದರ ಬಳಕೆ ನಿಲ್ಲಿಸಿದವು. ಬದಲಿಗೆ ಬಂದದ್ದು ಮೆಲಾಕ್ಸಿಕಾಮ್. ಅದು ರಣಹದ್ದುಗಳಿಗೆ ಅಪಾಯ ಮಾಡುವುದಿಲ್ಲ ಅಂತ ಮೊದಲೇ ಪರೀಕ್ಷೆ ಮಾಡಿ ನೋಡಿದ್ದರು.

ಹಕ್ಕಿ ನಮ್ಮ ಹಾಗೆ ಯೂರಿಯಾ ಹೊರಹಾಕುವುದಿಲ್ಲ, ಯೂರಿಕ್ ಆಮ್ಲ ಹಾಕುತ್ತದೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಅದೇ. ಮೂತ್ರಪಿಂಡ ಕೈಕೊಟ್ಟರೆ ಆ ಬಿಳಿ ಒಳಗೇ ಉಳಿಯುತ್ತದೆ. ಅಂಥ ಹಕ್ಕಿಯನ್ನು ಕೊಯ್ದು ನೋಡಿದ್ದೇನೆ. ಗುಂಡಿಗೆ, ಪಿತ್ತಜನಕಾಂಗದ ಮೇಲೆಲ್ಲ ಸೀಮೆಸುಣ್ಣ ಉದುರಿಸಿದ ಹಾಗಿತ್ತು. ಬೆರಳಿನಿಂದ ಒರೆಸಿದರೆ ಬರುತ್ತಿತ್ತು. ಒಮ್ಮೆ ನೋಡಿದವರು ಹಕ್ಕಿಯ ನೀರಿಗೆ ಸಿಕ್ಕ ಮಾತ್ರೆ ಹಾಕುವುದಿಲ್ಲ. ನೀರಿಗೆ ಹಾಕುವುದರಲ್ಲಿ ಇನ್ನೊಂದು ತೊಂದರೆ ಇದೆ. ತೂಕಡಿಸುವ ಮರಿ ನೀರನ್ನೇ ಕುಡಿಯುವುದಿಲ್ಲ, ಚುರುಕಾಗಿರುವ ಮರಿ ಎಲ್ಲ ಕುಡಿದುಬಿಡುತ್ತದೆ. ಔಷಧಿ ಬೇಡದವರ ಹೊಟ್ಟೆಗೆ ಹೋಯಿತು.

ತೂಕಡಿಸುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಆ ನಾಲ್ಕೈದನ್ನು ಈಗಲೇ ಬೇರೆ ಮಾಡಿ. ಹಿಕ್ಕೆಯಲ್ಲಿ ರಕ್ತ ಇದೆಯಾ ನೋಡಿ. ಕಾವು ಸರಿ ಇದೆಯಾ ಅಂತ ಮರಿಗಳನ್ನೇ ಕೇಳಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಓಡಿ ಗೋಡೆಗೆ ಅಂಟಿದ್ದರೆ ಸೆಕೆ. ಪಶುವೈದ್ಯರ ಹತ್ತಿರ ಹೋಗುವಾಗ ಒಂದು ಮರಿಯನ್ನು ಜೊತೆಯಲ್ಲೇ ಒಯ್ಯಿರಿ. ಅವರು ಔಷಧಿ ಕೊಟ್ಟರೆ ಎಷ್ಟು ದಿನ ಮಾಂಸ, ಮೊಟ್ಟೆ ತಿನ್ನಬಾರದು ಅಂತಲೂ ಕೇಳಿಕೊಂಡು ಬನ್ನಿ.

ಪ್ರಶ್ನೆ: ನನ್ನ ಆರನೇ ಕ್ಲಾಸಿನ ಮಗಳ ಪ್ರಶ್ನೆ ಇದು. ಕೋಳಿಗೆ ಎಲ್ಲಿ ನೋಯುತ್ತಿದೆ ಅಂತ ಕೋಳಿಯನ್ನೇ ಕೇಳುವುದಕ್ಕೆ ಆಗಲ್ವಾ?

ಪುಟ್ಟಿ, ಎಲ್ಲಿ ಅಂತ ಕೇಳುವುದು ಕಷ್ಟ. ‘ಔಷಧಿ ಬೇಕಾ?’ ಅಂತ ಕೇಳಿದವರು ಮಾತ್ರ ಇದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು. 2000ದಲ್ಲಿ ಅದು ಪ್ರಕಟವಾಯಿತು. ಮಾಂಸಕ್ಕೆ ಸಾಕುವ ಕೋಳಿಗಳು ತುಂಬಾ ಬೇಗ ದಪ್ಪ ಆಗುತ್ತವೆ. ಕೆಲವಕ್ಕೆ ಕಾಲು ಸರಿಯಿಲ್ಲದೆ ಕುಂಟುತ್ತವೆ. ಕುಂಟುವ ಕೋಳಿಗಳ ಮುಂದೆ ಎರಡು ಬಣ್ಣದ ಕಾಳು ಇಟ್ಟರು. ಒಂದು ಬಣ್ಣದಲ್ಲಿ ಕಾರ್ಪ್ರೊಫೆನ್ ಅನ್ನುವ ನೋವಿನ ಔಷಧಿ ಬೆರೆಸಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಚೆನ್ನಾಗಿ ನಡೆಯುವ ಕೋಳಿಗಳ ಮುಂದೆಯೂ ಅದನ್ನೇ ಇಟ್ಟರು.

ಕುಂಟುವ ಕೋಳಿಗಳು ಔಷಧಿ ಇರುವ ಬಣ್ಣದ ಕಾಳನ್ನೇ ಚೆನ್ನಾಗಿರುವ ಕೋಳಿಗಳಿಗಿಂತ ಜಾಸ್ತಿ ತಿಂದವು. ಜೋರಾಗಿ ಕುಂಟುವವು ಇನ್ನೂ ಜಾಸ್ತಿ ತಿಂದವು. ಔಷಧಿ ತಿಂದ ಕುಂಟುಕೋಳಿಗಳ ನಡಿಗೆಯೂ ಸುಧಾರಿಸಿತು. ಯಾರೂ ಅವಕ್ಕೆ ‘ಇದನ್ನು ತಿನ್ನು’ ಅಂತ ಹೇಳಿರಲಿಲ್ಲ.

ಮುಂದಿನ ಸಲ ಇನ್ನೂ ಒಂದು ಪ್ರಶ್ನೆ ಕಳಿಸು ಪುಟ್ಟಿ. ಅಪ್ಪನ ಕೈಯಲ್ಲಿ ಬರೆಸಬೇಡ, ನೀನೇ ಬರಿ.